ಹಿತ್ತಲೇ ಇಲ್ಲದ ಕೇರಿಗೆ ಹೊಸ ತರಕಾರಿ ಎಲ್ಲಿಂದ ಬರಬೇಕು?

 

ಈ ವರ್ಷ ನಮ್ಮ ಹಿತ್ತಲಲ್ಲಿ, ನಮ್ಮ ಕಡೆ ಯಾರೂ ಅಷ್ಟಾಗಿ ಬೆಳೆಯದ ಐದು ತರಕಾರಿ–ಸೊಪ್ಪು ಹಾಕಿದ್ದೆ. ರೆಕ್ಕೆ ಅವರೆ, ಮಡಹಾಗಲ, ಚಾಯಾ ಸೊಪ್ಪು, ಪುಂಡಿ ಸೊಪ್ಪು, ಆಮೇಲೆ ಮಗಳ ಹಟಕ್ಕೆ ಒಂದು ಸಾಲು ಬ್ರೊಕೊಲಿ. ಇದನ್ನ ಕೇಳಿದ ಸಂಗಾತಿಗಳಲ್ಲಿ ಅರ್ಧ ಜನ "ಅಕ್ಕ, ಬೀಜ ಉಳಿದ್ರೆ ನಮಗೂ ಕೊಡಿ" ಅಂದ್ರು. ಇನ್ನರ್ಧ ಜನ "ಏನಕ್ಕ, ಧರಣಿ ಬಿಟ್ಟು ತರಕಾರಿ ಬೆಳೆಯೋಕೆ ಕೂತ್ರಾ? ನೀವೂ ಪುಳಿಚಾರ್ ಆಗೋದ್ರಾ?" ಅಂತ ಕಾಲೆಳೆದ್ರು.

ಬೀಜ ಕೇಳಿದವರಿಗೂ ಕಾಲೆಳೆದವರಿಗೂ ಒಟ್ಟಿಗೇ ಉತ್ತರ ಕೊಡೋಣ ಅಂತ ಬರೀತಿದ್ದೀನಿ. ಹೊಸ ತರಕಾರಿ ಹಾಕಿ ನೋಡೋದಕ್ಕೆ ಮೂರು ಬೇಕು. ಜಾಗ ಬೇಕು, ನೀರು ಬೇಕು, ಬೆಳೆ ಕೈಕೊಟ್ಟರೂ ಆ ಹೊತ್ತಿನ ಊಟಕ್ಕೆ ತೊಂದರೆ ಇಲ್ಲ ಅನ್ನೋ ಧೈರ್ಯ ಬೇಕು. ಈ ಮೂರೂ ನಮ್ಮ ಹಳ್ಳಿಗಳಲ್ಲಿ ಯಾರ ಮನೆ ಹಿಂದೆ ಇದೆ, ಯಾರ ಮನೆ ಹಿಂದೆ ಇಲ್ಲ ಅಂತ ಒಂದು ಸುತ್ತು ಹಾಕಿ ಬನ್ನಿ, ಜಾತಿಯ ನಕ್ಷೆ ಕಣ್ಣಿಗೆ ಬೀಳುತ್ತೆ. ಅದಕ್ಕೇ ನಾನು ಹೇಳೋದು, ಹಿತ್ತಲು ಕೂಡ ನಮ್ಮ ಹಕ್ಕೊತ್ತಾಯದ ಪಟ್ಟಿಯಲ್ಲಿ ಇರಬೇಕು ಅಂತ.

ಮೊದಲು ಬೀಜ ಕೇಳಿದವರಿಗೆ.

ನಮ್ಮದು ಕೊರಟಗೆರೆ ತಾಲ್ಲೂಕು, ಹೊಳವನಹಳ್ಳಿ ಹೋಬಳಿ. ಕೆಮ್ಮಣ್ಣಿನ ಸೀಮೆ. ದೇವರಾಯನದುರ್ಗದಲ್ಲಿ ಹುಟ್ಟೋ ಜಯಮಂಗಲಿ ನಮ್ಮ ತಾಲ್ಲೂಕಲ್ಲೇ ಹಾದು ಹೋದರೂ ವರ್ಷದ ಬಹುಪಾಲು ಅದರಲ್ಲಿ ಕಾಣೋದು ಮರಳೇ. ರಾಗಿ, ಅವರೆ, ತೊಗರಿ, ಕಡ್ಲೆಕಾಯಿ, ಹುಣಸೆ. ಬೋರ್‌ವೆಲ್‌ನಲ್ಲಿ ನೀರಿದ್ದವರಿಗೆ ಅಡಿಕೆ. ಇಂಥ ಕಡೆ, ಬಚ್ಚಲ ನೀರು ನಂಬಿಕೊಂಡು ಏನು ಬರುತ್ತೆ ಅಂತ ನೋಡಬೇಕಿತ್ತು.

ರೆಕ್ಕೆ ಅವರೆ: ಕಾಯಿಗೆ ನಾಲ್ಕು ಮೂಲೆಯಲ್ಲೂ ರೆಕ್ಕೆ ಥರ ಅಂಚು ಇರೋದಕ್ಕೆ ಈ ಹೆಸರು. ಬೀಜ ಗಟ್ಟಿ, ರಾತ್ರಿಯಿಡೀ ನೆನೆಸಿ ಹಾಕಬೇಕು. ಮುಂಗಾರಲ್ಲಿ ಹಾಕಿದರೆ ಬಳ್ಳಿ ಚಪ್ಪರ ತುಂಬ ಹಬ್ಬುತ್ತೆ, ಆದರೆ ಹೂವೇ ಬಿಡಲ್ಲ. ಗಾಬರಿ ಆಗಬೇಡಿ. ಹಗಲು ಗಿಡ್ಡ ಆದ ಮೇಲೇ ಅದು ಹೂ ಬಿಡೋದು. ನಮ್ಮದು ದಸರಾ ಕಳೆದ ಮೇಲೆ ಹೂವಾಯ್ತು, ಆಮೇಲೆ ಕೊಯ್ದಷ್ಟೂ ಕಾಯಿ. ಎಲೆ, ಹೂ, ಎಳೆಕಾಯಿ, ಬೀಜ, ಬೇರಿನ ಗೆಡ್ಡೆ ಎಲ್ಲಾ ತಿನ್ನಬಹುದು. ಒಣಗಿದ ಬೀಜದ ಪ್ರೋಟೀನು ಹೆಚ್ಚುಕಮ್ಮಿ ಸೋಯಾ ಅವರೆಗೆ ಸಮ. 1975ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇದು ಉಷ್ಣ ದೇಶಗಳ ಬಡವರ ಬೆಳೆ ಆಗಬಹುದು ಅಂತ ಒಂದು ವರದಿಯನ್ನೇ ತಂದಿತ್ತು. ಐವತ್ತು ವರ್ಷ ಆಯ್ತು, ನಮ್ಮ ಕೇರಿಗಳಿಗೆ ಬೀಜ ಬಂದಿಲ್ಲ.

ಮಡಹಾಗಲ: ಮಲೆನಾಡು, ಕರಾವಳಿಯವರಿಗೆ ಗೊತ್ತು. ಪಾವಗಡದ ತೆಲುಗು ಮಾತಾಡೋರು ಬೋಡ ಕಾಕರ ಅಂತಾರೆ. ಮೈಯೆಲ್ಲ ಮೆತ್ತನೆ ಮುಳ್ಳು, ಹಾಗಲಕಾಯಿ ಥರ ಕಹಿ ಇಲ್ಲ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡೂ ಇಲ್ಲದೆ ಕಾಯಿ ಇಲ್ಲ. ಬೀಜದಿಂದ ಮಾಡಿದರೆ ಯಾವುದು ಗಂಡು ಯಾವುದು ಹೆಣ್ಣು ಅಂತ ಹೂ ಬಿಡೋವರೆಗೂ ತಿಳಿಯಲ್ಲ, ಅದಕ್ಕೆ ಗೆಡ್ಡೆ ತಂದು ನೆಡೋದು ಲೇಸು. ಬೇಸಿಗೆಗೆ ಬಳ್ಳಿ ಒಣಗಿದರೆ ಕಿತ್ತು ಎಸೀಬೇಡಿ. ಗೆಡ್ಡೆ ನೆಲದೊಳಗೆ ಮಲಗಿರುತ್ತೆ, ಮಳೆ ಬಿದ್ದ ಮೇಲೆ ತಾನೇ ಏಳುತ್ತೆ.

ಚಾಯಾ: ಮೆಕ್ಸಿಕೊ ಕಡೆಯ ಮಾಯಾ ಜನರ ಸೊಪ್ಪು. ಒಂದು ಗೇಣು ಕಡ್ಡಿ ನೆಟ್ಟರೆ ಸಾಕು, ಆಳೆತ್ತರ ಆಗುತ್ತೆ. ನಮ್ಮ ಬಿಸಿಲಿಗೆ ಐದರಲ್ಲಿ ಗೆದ್ದದ್ದು ಇದೇ. ಒಂದು ಎಚ್ಚರಿಕೆ: ಹಸಿ ಎಲೆಯಲ್ಲಿ ವಿಷದ ಅಂಶ ಇರುತ್ತೆ. ಮರಗೆಣಸಿನ ಹಾಗೆ. ಚೆನ್ನಾಗಿ ಕುದಿಸಬೇಕು, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಅಲ್ಯೂಮಿನಿಯಂ ಪಾತ್ರೇಲಿ ಬೇಡ. ಜ್ಯೂಸು ಗೀಸು ಅಂತ ಹಸಿಯಾಗಿ ಯಾರೂ ಕುಡೀಬೇಡಿ. ಬೇಯಿಸಿ ಬಸಿದು ಮಸ್ಸೊಪ್ಪು ಮಾಡಿದರೆ ಮುದ್ದೆಗೆ ಚೆನ್ನಾಗಿ ಹೊಂದುತ್ತೆ.

ಪುಂಡಿ: ಉತ್ತರ ಕರ್ನಾಟಕದವರು ನಗಬೇಡಿ, ನಿಮಗಿದು ದಿನದ ಪಲ್ಯ. ಹೊಳವನಹಳ್ಳಿ ಕಡೆಯ ನಮ್ಮ ಹಿತ್ತಲಿಗೆ ಹೊಸದು. ಹುಳಿ ಸೊಪ್ಪು, ಹುಣಸೆಹಣ್ಣಿನ ಖರ್ಚು ಉಳೀತು.

ಬ್ರೊಕೊಲಿ: ಹನ್ನೆರಡು ಸಸಿಯಲ್ಲಿ ಏಳು ಉಳಿದವು. ರಾತ್ರಿ ತಂಪಿದ್ದ ಎರಡು ತಿಂಗಳಲ್ಲಿ ಮುಷ್ಟಿ ಗಾತ್ರದ ಹೂ ಬಂತು. ಮಗಳು ಖುಷಿಯಾಗಿ ತಿಂದ್ಲು. ಆದರೆ ಬೀಜದ ಪೊಟ್ಟಣ ದುಬಾರಿ, ಅದೂ ಹೈಬ್ರಿಡ್. ಅಂಥದರಿಂದ ನಾವೇ ಬೀಜ ಮಾಡ್ಕೊಂಡರೆ ಮುಂದಿನ ಸಲ ಅದೇ ಗುಣ ಬರುತ್ತೆ ಅನ್ನೋ ಭರವಸೆ ಇಲ್ಲ. ಪ್ರತಿ ವರ್ಷ ಅಂಗಡಿ ಮುಂದೆ ನಿಲ್ಲಬೇಕು. ಉಳಿದ ನಾಲ್ಕಕ್ಕೆ ಆ ಗೋಳಿಲ್ಲ. ಕಡ್ಡಿ, ಗೆಡ್ಡೆ, ಬೀಜ ಒಬ್ಬರಿಂದ ಒಬ್ಬರಿಗೆ ಹೋಗುತ್ತೆ. ಹೊಸ ತರಕಾರಿ ಆರಿಸೋವಾಗ ನಾನು ಮೊದಲು ಕೇಳ್ಕೊಳ್ಳೋ ಪ್ರಶ್ನೆ ಇದು: ಇದರ ಬೀಜ ನನ್ನ ಕೈಯಲ್ಲಿ ಉಳಿಯುತ್ತಾ?

ಈಗ "ನಮ್ಮದಲ್ಲದ ತರಕಾರಿ ಯಾಕೆ ಬೇಕಿತ್ತು?" ಅಂತ ಕೇಳೋರಿಗೆ.

ನಮ್ಮದು ಅಂತ ನಾವು ಅಂದ್ಕೊಂಡಿರೋದು ಯಾವುದು ಹೇಳಿ? ಸೀಮೆಬದನೆಗೆ ಹೆಸರಲ್ಲೇ "ಸೀಮೆ" ಇದೆ, ಹೊರಗಿಂದು ಅಂತ ಗೊತ್ತಾಗುತ್ತೆ. ಆದರೆ ಮೆಣಸಿನಕಾಯಿ? ಟೊಮೇಟೊ? ಆಲೂಗಡ್ಡೆ? ಎಲ್ಲಾ ಅಮೆರಿಕ ಖಂಡಗಳಿಂದ ಹಡಗು ಹತ್ತಿ ಬಂದವು. ಮೆಣಸಿನಕಾಯಿ ಬರೋಕೆ ಮುಂಚೆ ನಮ್ಮ ಸಾರಿಗೆ ಖಾರ ಕೊಡ್ತಿದ್ದದ್ದು ಕಾಳುಮೆಣಸು, ಅದರ ಹೆಸರನ್ನೇ ಈ ಹೊಸಬನಿಗೂ ಇಟ್ಟರು. ಪಾವಗಡ, ಸಿರಾ, ಮಧುಗಿರಿಯ ಬದುಕೇ ನಿಂತಿರೋ ಕಡ್ಲೆಕಾಯಿ ಕೂಡ ದಕ್ಷಿಣ ಅಮೆರಿಕದ್ದು. ಕಡಲೆಯ ಹೆಸರು ಹಾಕ್ಕೊಂಡು ನಮ್ಮದಾಯ್ತು. ಹುಣಸೆ ಆಫ್ರಿಕಾದ್ದು. ಮುದ್ದೆಯ ರಾಗಿ ಕೂಡ ಸಾವಿರಾರು ವರ್ಷದ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನಾಡಿಂದ ಬಂದದ್ದು. ಇಲ್ಲೇ ಹುಟ್ಟಿದ್ದು ಅಂದರೆ ತೊಗರಿ, ಬದನೆ ಇಂಥವು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸಾವಿರಾರು ಮೈಲಿಯಾಚೆಯ ಗಿಡವನ್ನ ಈ ಊರು ಒಳಗೆ ಬಿಟ್ಕೊಂಡಿದೆ. ಯಾವ ದೇಶದ್ದು, ಯಾರು ಮುಟ್ಟಿ ಬೆಳೆದದ್ದು ಅಂತ ಕೇಳದೆ ಅಡುಗೆಮನೆಗೆ, ದೇವರ ನೈವೇದ್ಯಕ್ಕೆ ಸೇರಿಸ್ಕೊಂಡಿದೆ. ಆ ಗಿಡಕ್ಕೆ ನೀರು ಹಾಕಿದವರು, ಕಡ್ಲೆಕಾಯಿ ಕಿತ್ತವರು, ಹುಣಸೆ ಬಡಿದು, ಸಿಪ್ಪೆ ಬಿಡಿಸಿ, ಬೀಜ ತೆಗೆದು ಕೊಟ್ಟವರು ಇನ್ನೂ ಜಗುಲಿ ಆಚೆಗೇ ನಿಂತಿದ್ದಾರೆ. ಹುಣಸೆಹಣ್ಣು ಒಳಗೆ ಹೋಗುತ್ತೆ, ಅದನ್ನ ಬಿಡಿಸಿದ ಕೈಗೆ ನೀರು ಮೇಲಿಂದ ಹುಯ್ಯೋ ಮನೆಗಳು ನಮ್ಮ ಜಿಲ್ಲೆಯಲ್ಲಿ ಮುಗಿದು ಹೋಗಿವೆ ಅಂತ ಯಾರಾದ್ರೂ ಎದೆ ಮುಟ್ಟಿ ಹೇಳ್ತೀರಾ? ಹಾಗಾಗಿ "ಹೊರಗಿನ ತರಕಾರಿ" ಅಂತ ಯಾರಾದ್ರೂ ಮೂಗು ಮುರಿದ್ರೆ ನನಗೆ ಆ ತರಕಾರಿ ಮೇಲೇ ಪ್ರೀತಿ ಹೆಚ್ಚಾಗುತ್ತೆ.

ಇನ್ನೊಂದು ಮಾತು. ಈ ವರ್ಷ ಹಿತ್ತಲಲ್ಲಿ ಆರನೇದೊಂದು ಪಾತಿನೂ ಮಾಡಿದ್ದೆ. ಅದರಲ್ಲಿ ಹಾಕಿದ್ದು ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಹೊನಗೊನೆ, ಕನ್ನೆ ಸೊಪ್ಪು, ಗಣಿಕೆ. ನಮ್ಮಜ್ಜಿ ಇದ್ದಿದ್ರೆ "ಇದನ್ನೂ ಯಾರಾದ್ರೂ ಪಾತಿ ಮಾಡಿ ಬೆಳೀತಾರೇನಮ್ಮಿ?" ಅಂತ ನಗೋಳು. ಅವಳ ಕಾಲದಲ್ಲಿ ರಾಗಿ ಹೊಲಕ್ಕೆ ಕಳೆ ತೆಗೆಯೋಕೆ ಹೋದರೆ ಸಂಜೆ ಮಡಿಲ ತುಂಬ ಬೆರಕೆ ಸೊಪ್ಪು ಬರೋದು. ಹೊಲದ ಗೌಡರಿಗೆ ಅದು ಕಳೆ, ನಮ್ಮ ಕೇರಿಗೆ ಅದು ರಾತ್ರಿಯ ಸಾರು. ನಮ್ಮವರ ಮೈಯಲ್ಲಿ ಒಂದಿಷ್ಟು ರಕ್ತ ಉಳಿದಿತ್ತು ಅಂದರೆ ಕಾಸು ಕೊಡದೆ ಸಿಗ್ತಿದ್ದ ಈ ಸೊಪ್ಪಿನ ಪಾಲೂ ಅದರಲ್ಲಿದೆ. ಅದಕ್ಕೆ ಸಿಕ್ಕ ಬಿರುದು "ಕಳೆ ತಿನ್ನೋರು".

ಈಗ ಹೊಲಕ್ಕೆ ಕಳೆನಾಶಕ ಹೊಡೀತಾರೆ. ಒಂದೇ ಏಟಿಗೆ ಎರಡು ಹೋಯ್ತು: ಕಳೆ ಕೀಳೋ ಹೆಂಗಸರ ಕೂಲಿ ಹೋಯ್ತು, ಅವರ ಮನೆಯ ಸೊಪ್ಪೂ ಹೋಯ್ತು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂತು. ಜಮೀನು ಇದ್ದವರಿಗೆ ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ. ಬರಗಾಲದ ಸೀಮೆಯ ರೈತರಿಗೆ ಅದು ಆಸರೆ, ನಾನು ಅಲ್ಲಗಳೆಯಲ್ಲ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡ್ತಿದ್ದ, ಬದುವಲ್ಲಿ ಸೊಪ್ಪು ಕೀಳ್ತಿದ್ದ, ಕುರಿ ಮೇಯಿಸ್ತಿದ್ದ ಭೂಮಿ ಇಲ್ಲದವರಿಗೆ ಗುತ್ತಿಗೆ ಪತ್ರದಲ್ಲಿ ಜಾಗ ಇಲ್ಲ. ಪಹಣಿಯಲ್ಲಿ ಹೆಸರಿಲ್ಲದವರ ನಷ್ಟ ಯಾವ ಲೆಕ್ಕದಲ್ಲೂ ಬರಲ್ಲ.

ಇದರ ಫಲ ಏನಾಗಿದೆ ಅಂದ್ರೆ, ನಮ್ಮ ಕೇರಿಯ ಮಕ್ಕಳಿಗೆ ಬ್ರೊಕೊಲಿ ಮೊಬೈಲಲ್ಲಾದರೂ ನೋಡಿ ಗೊತ್ತು, ಅಣ್ಣೆ ಸೊಪ್ಪು ಗೊತ್ತಿಲ್ಲ. ಅಪರಿಚಿತ ತರಕಾರಿ ಅಂದರೆ ಅವರ ಪಾಲಿಗೆ ಅವರಜ್ಜಿಯ ಸೊಪ್ಪೇ. ಅದೇ ಸೊಪ್ಪನ್ನ ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಯಲ್ಲಿ ಬಾಳೆನಾರು ಕಟ್ಟಿ, ಬೋರ್ಡು ಹಾಕಿ ಮಾರ್ತಾರೆ. ತಿಂದಿದ್ದಕ್ಕೆ ಬೈಸ್ಕೊಂಡವರು ನಾವು, ಈಗ ಕೊಂಡು ತಿನ್ನೋಕೆ ಕಾಸಿಲ್ಲದವರೂ ನಾವೇ.

ಲೆಕ್ಕ ಬೇಕು ಅನ್ನೋರಿಗೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ದಿನಕ್ಕೆ ಒಬ್ಬರು ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ ತಿನ್ನಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಐದು ಜನರ ಮನೆಗೆ ದಿನಕ್ಕೆ ಎರಡು ಕೆ.ಜಿ. 2023ರ ಜುಲೈನಲ್ಲಿ ಟೊಮೇಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದಾಗ ಕೂಲಿ ಮಾಡೋ ಎಷ್ಟು ಮನೆಯಲ್ಲಿ ಎರಡು ಕೆ.ಜಿ. ತರಕಾರಿ ಬೆಂದಿರಬಹುದು, ನೀವೇ ಯೋಚಿಸಿ.

ಇಷ್ಟೆಲ್ಲಾ ಗೊತ್ತಿದ್ದೂ ನಮ್ಮವರು ಯಾಕೆ ಮನೆ ಹಿಂದೆ ಬೆಳ್ಕೊಳ್ಳಲ್ಲ? ಸೋಮಾರಿಗಳು ಅಂತ ಉತ್ತರ ಹೇಳೋಕೆ ಊರಲ್ಲಿ ಜನ ಸಾಲುಗಟ್ಟಿ ನಿಂತಿದ್ದಾರೆ. ನಾನು ಟೇಪು ಹಿಡಿದು ಉತ್ತರ ಹೇಳ್ತೀನಿ.

ಸರ್ಕಾರ ನಮಗೆ ಕೊಡೋ ನಿವೇಶನ 20×30 ಇಲ್ಲಾ 30×40. ಅಂದರೆ 600 ಇಲ್ಲಾ 1,200 ಚದರ ಅಡಿ. ಒಂದು ಗುಂಟೆ 1,089 ಚದರ ಅಡಿ. ಹೆಚ್ಚೆಂದರೆ ಒಂದು ಗುಂಟೆ, ಕಮ್ಮಿಯೆಂದರೆ ಅದರಲ್ಲಿ ಅರ್ಧ. ಅದರಲ್ಲೇ ಮನೆ, ಶೌಚಾಲಯ, ಬಚ್ಚಲು, ಸೌದೆ, ಎರಡು ಮೇಕೆ. ಅಣ್ಣ–ತಮ್ಮ ಬೇರೆಯಾದರೆ ಅದೂ ಭಾಗ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು ಅಂತ ನಿಯಮ ಮಾಡಿದ್ದಾರೆ. ಸುಮಾರು 269 ಚದರ ಅಡಿ. ಒಲೆಗೆ ಜಾಗ ಅಳೆದವರು ಒಲೆ ಮೇಲಿನ ಪಾತ್ರೆಗೆ ಏನು ಬೀಳಬೇಕು ಅಂತ ಅಳೀಲಿಲ್ಲ. ಕಾಲೊನಿಯಲ್ಲಿ ಒಂದು ಮನೆಯ ಹಿಂಗೋಡೆ ಇನ್ನೊಂದು ಮನೆಯ ಹಿಂಗೋಡೆಗೆ ತಾಗಿರುತ್ತೆ. ಮಧ್ಯೆ ಇರೋದು ಚರಂಡಿ. ನುಗ್ಗೆ ಮರ ಎಲ್ಲಿ ನೆಡೋದು?

ಒಂದು ಗ್ರಾಮಸಭೆಯಲ್ಲಿ ಇದನ್ನೇ ಕೇಳಿದೆ. ವೇದಿಕೆ ಮೇಲಿದ್ದವರೊಬ್ಬರು "ಮನೆ ಸಿಕ್ಕಿದ್ದೇ ಹೆಚ್ಚು, ಇನ್ನು ತೋಟ ಬೇರೆ ಬೇಕೇನಮ್ಮ?" ಅಂದ್ರು. ಸಭೆಯೂ ನಕ್ಕಿತು. ನಕ್ಕವರಲ್ಲಿ ನಮ್ಮವರೂ ಇದ್ದರು ಅನ್ನೋದೇ ನನ್ನನ್ನ ಈ ಬರಹಕ್ಕೆ ಕೂರಿಸಿದ್ದು. ಹಿತ್ತಲು ಕೇಳೋದು ಅತಿಯಾಸೆ ಅಂತ ನಮಗೇ ಅನ್ನಿಸೋ ಹಾಗೆ ಮಾಡಿಟ್ಟಿದ್ದಾರೆ.

ಪಕ್ಕದ ಕೇರಳ ನೋಡಿ. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ, ಜಮೀನ್ದಾರರ ನೆಲದಲ್ಲಿ ಗುಡಿಸಲು ಹಾಕ್ಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಗುಡಿಸಲ ಸುತ್ತಲಿನ ನೆಲವನ್ನ ತಮ್ಮದು ಮಾಡ್ಕೊಳ್ಳೋ ಹಕ್ಕು ಸಿಕ್ತು. ಪಂಚಾಯತಿ ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆ. ನಾಲ್ಕು ತೆಂಗು, ಬಾಳೆ, ಮರಗೆಣಸು, ಒಂದು ನುಗ್ಗೆ, ಸೊಪ್ಪಿಗೆ ಸಾಲುವಷ್ಟು ಜಾಗ. ಅಲ್ಲಿನ ದಲಿತರ ಟೀಕೆಯನ್ನೂ ಇಲ್ಲಿ ಹೇಳಲೇಬೇಕು: ಗದ್ದೆ ಗೇಣಿದಾರರ ಪಾಲಾಯ್ತು, ಆ ಗದ್ದೆಯಲ್ಲಿ ತಲೆತಲಾಂತರ ದುಡಿದ ಪುಲಯರು, ಪರಯರಿಗೆ ಸಿಕ್ಕಿದ್ದು ಗುಡಿಸಲ ಸುತ್ತಲಿನ ನೆಲ ಮಾತ್ರ. ಆ ಟೀಕೆ ನೂರಕ್ಕೆ ನೂರು ಸರಿ. ಆದರೂ ಒಂದು ಸರ್ಕಾರ ಕಾನೂನಲ್ಲಿ "ಮನೆ ಅಂದರೆ ಅದರ ಸುತ್ತ ನಾಲ್ಕು ಗುಂಟೆ" ಅಂತ ಬರೆದದ್ದು ಉಂಟು. ನಮ್ಮಲ್ಲಿ ಐವತ್ತೈದು ವರ್ಷ ಆದ ಮೇಲೂ ಒಂದು ಗುಂಟೆ ದಾಟಿಲ್ಲ.

ಜಾಗ ಒಂದೇ ಸಾಲದು. ಬಾಬಾಸಾಹೇಬರು 1918ರಲ್ಲೇ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಪ್ರಬಂಧ ಬರೆದರು. ಹಿಡುವಳಿ ಸಣ್ಣದೋ ದೊಡ್ಡದೋ ಅಂತ ಬರೀ ಎಕರೆಯಿಂದ ಹೇಳೋಕಾಗಲ್ಲ, ಅದಕ್ಕೆ ಹಾಕೋ ಬಂಡವಾಳ, ದುಡಿಮೆ, ಸಲಕರಣೆ ಎಷ್ಟಿದೆ ಅನ್ನೋದರ ಮೇಲೆ ಹೇಳಬೇಕು ಅನ್ನೋದು ಅದರ ವಾದ. ಹಿತ್ತಲಿಗೂ ಇದೇ ಮಾತು. ನೀರಿಲ್ಲದ ನಾಲ್ಕು ಗುಂಟೆಗಿಂತ ನೀರಿರೋ ಒಂದು ಗುಂಟೆ ದೊಡ್ಡದು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರು ಅಂತ ಹೇಳುತ್ತೆ. ಐದು ಜನರ ಮನೆಗೆ 275 ಲೀಟರ್. ಅದರಲ್ಲಿ ಅರ್ಧ ಬಚ್ಚಲಿಂದ ಆಚೆ ಹರಿದರೂ ದಿನಕ್ಕೆ 130 ಲೀಟರ್ ಮೇಲೆ. ಒಂದು ಚಪ್ಪರಕ್ಕೂ ನಾಲ್ಕು ಪಾತಿಗೂ ಧಾರಾಳ. ನಮ್ಮ ಹಿತ್ತಲು ಬದುಕಿದ್ದು ಇದರಲ್ಲೇ. ಆದರೆ ನಲ್ಲಿ ನಿಂತಿರೋದು ಬೇರೆ, ನಲ್ಲಿಯಲ್ಲಿ ನೀರು ಬರೋದು ಬೇರೆ. ಪೈಪು ಊರಿಂದ ಹೊರಟು ಕೊನೆಗೆ ಮುಟ್ಟೋದು ಕೇರಿಗೆ, ನೀರು ಕಮ್ಮಿಯಾದಾಗ ಮೊದಲು ನಿಲ್ಲೋದೂ ಅಲ್ಲೇ. 1927ರ ಮಾರ್ಚ್ 20ರಂದು ಮಹಾಡ್‌ನ ಚೌದಾರ್ ಕೆರೆಯಲ್ಲಿ ಎತ್ತಿದ ಪ್ರಶ್ನೆ ಪೈಪಿನ ಕೊನೆಯಲ್ಲಿ ಇವತ್ತಿಗೂ ನಿಂತಿದೆ.

ಇನ್ನು ಕಾಲೆಳೆದ ತಮ್ಮಂದಿರಿಗೆ. ತರಕಾರಿ ಬೆಳೆಯೋದು ಹೋರಾಟ ಹೇಗಾಗುತ್ತೆ?

ಅಮೆರಿಕದ ಮಿಸಿಸಿಪ್ಪಿಯ ಫ್ಯಾನಿ ಲೂ ಹೇಮರ್ ಅವರ ಹೆಸರು ಕೇಳಿರ್ತೀರಿ. ಹತ್ತಿ ತೋಟದ ಕೂಲಿ, ಕಪ್ಪು ಹೆಂಗಸು. 1962ರಲ್ಲಿ ಮತದಾರರಾಗಿ ಹೆಸರು ನೋಂದಾಯಿಸೋಕೆ ಹೋದರು ಅನ್ನೋ ಕಾರಣಕ್ಕೆ, ಹದಿನೆಂಟು ವರ್ಷ ದುಡಿದ ತೋಟದಿಂದ ಮಾಲೀಕ ಅವರನ್ನ ಹೊರಗೆ ಹಾಕಿದ. ಮತದ ಹಕ್ಕಿಗಾಗಿ ಜೈಲಲ್ಲಿ ಏಟು ತಿಂದ ಈ ಹೆಣ್ಣುಮಗಳು 1969ರಲ್ಲಿ ಏನು ಮಾಡಿದರು ಗೊತ್ತಾ? 40 ಎಕರೆಯಿಂದ ಶುರುಮಾಡಿ ಫ್ರೀಡಂ ಫಾರ್ಮ್ ಅನ್ನೋ ಸಹಕಾರಿ ತೋಟ ಕಟ್ಟಿದರು. ಬಡವರಿಗೆ ತರಕಾರಿ ಬೆಳೆದರು. ಹಂದಿ ಬ್ಯಾಂಕ್ ಮಾಡಿ, ಸಾಕೋಕೆ ಹೆಣ್ಣು ಹಂದಿ ಕೊಟ್ಟು, ಮರಿಗಳನ್ನ ಕುಟುಂಬಕ್ಕೇ ಬಿಟ್ಟರು. ಅನ್ನ ಮಾಲೀಕನ ಕೈಯಲ್ಲಿ ಇರೋವರೆಗೆ ಓಟು ನಮ್ಮ ಕೈಯಲ್ಲಿ ಇರಲ್ಲ ಅಂತ ಅವರಿಗೆ ಮೈಮೇಲಿನ ಏಟಿಂದ ಗೊತ್ತಾಗಿತ್ತು. ದುಡ್ಡಿನ ಕೊರತೆಯಿಂದ ಎಪ್ಪತ್ತರ ದಶಕದಲ್ಲೇ ಆ ತೋಟ ಮುಚ್ಚಿತು, ಅದೂ ನಿಜ.

ನಮ್ಮ ನೆಲದ ಸಾಕ್ಷಿ ಬೇಕಾ? 1928ರಲ್ಲಿ ಮುಂಬೈ ಸರ್ಕಾರ ಸ್ಟಾರ್ಟ್ ಸಮಿತಿ ಅಂತ ಒಂದನ್ನ ನೇಮಿಸಿತ್ತು, ಬಾಬಾಸಾಹೇಬರೂ ಸದಸ್ಯರು. ಶೋಷಿತರು ಹಕ್ಕು ಕೇಳಿದ ಕೂಡಲೇ ಮೇಲ್ಜಾತಿಯವರು ಹೂಡೋ ಆಯುಧ ಸಾಮಾಜಿಕ ಬಹಿಷ್ಕಾರ ಅಂತ ಅದರ ವರದಿ ಹೇಳಿತು: ಕೂಲಿ ನಿಲ್ಲಿಸ್ತಾರೆ, ದಾರಿ ಮುಚ್ತಾರೆ, ಅಂಗಡಿಯವನು ಸಾಮಾನು ಕೊಡದ ಹಾಗೆ ಮಾಡ್ತಾರೆ. ಸುಮಾರು ನೂರು ವರ್ಷ ಆಯ್ತು. ಇವತ್ತಿಗೂ ದೇವಸ್ಥಾನ ಪ್ರವೇಶ ಮಾಡಿದಾಗ, ಕೇಸು ಹಾಕಿದಾಗ ಮೊದಲು ಮುಚ್ಚೋದು ದಿನಸಿ ಅಂಗಡಿ ಬಾಗಿಲೇ. ಆಗ ಹದಿನೈದು ದಿನ ತಡ್ಕೊಳ್ಳೋ ಶಕ್ತಿ ಯಾವುದರಿಂದ ಬರುತ್ತೆ? ಮನೆಯಲ್ಲಿ ರಾಗಿ, ಹಿತ್ತಲಲ್ಲಿ ಸೊಪ್ಪು, ಗೂಡಲ್ಲಿ ಎರಡು ಕೋಳಿ ಇದ್ದವರು ರಾಜಿಗೆ ಬೇಗ ಬಗ್ಗಲ್ಲ.

ನಮ್ಮ ಬೀದರ್ ಗಡಿಗೆ ಅಂಟಿಕೊಂಡಿರೋ ತೆಲಂಗಾಣದ ಜಹೀರಾಬಾದ್ ಕಡೆಗೆ ಹೋಗಿ ಬನ್ನಿ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಇರೋರು ಬಹುಪಾಲು ದಲಿತ ಹೆಂಗಸರು. 1983ರಿಂದ ಪಾಳುಬಿದ್ದ ನೆಲ ಹಸನು ಮಾಡಿ, ಸಿರಿಧಾನ್ಯ ಬೆಳೆದು, ಬೀಜವನ್ನ ತಮ್ಮ ಮಡಕೆ–ಬುಟ್ಟಿಯಲ್ಲೇ ಕಾಪಾಡಿಕೊಂಡಿದ್ದಾರೆ. ಬಿತ್ತದೆ ಬೆಳೆಯೋ ಸೊಪ್ಪುಗಳೂ ಬೆಳೆಯೇ ಅಂತ ಸಾಧಿಸಿದವರು ಅವರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ನಮ್ಮ ಜೊಯಿಡಾದ ಕುಣಬಿ ಸಮುದಾಯದವರು ವರ್ಷಾ ವರ್ಷಾ ಗೆಡ್ಡೆ–ಗೆಣಸಿನ ಮೇಳ ಮಾಡ್ತಾರೆ. ಕಾಡಿನವರ ಊಟ ಅಂತ ಕೀಳಾಗಿ ನೋಡಿದ್ದನ್ನ ಅವರು ತಲೆ ಎತ್ತಿ ಮಾರುಕಟ್ಟೆಗೆ ತಂದಿದ್ದಾರೆ. ನಾವು ನಮ್ಮ ಅಣ್ಣೆ ಸೊಪ್ಪನ್ನ ಹೀಗೆ ತಲೆ ಎತ್ತಿ ತಂದಿದ್ದೀವಾ?

ಪುಳಿಚಾರ್ ಪ್ರಶ್ನೆಗೂ ಉತ್ತರ: ಭಾನುವಾರದ ಬಾಡು ಎಲ್ಲಿಗೂ ಹೋಗಿಲ್ಲ. ತರಕಾರಿಯನ್ನ "ಶುದ್ಧ" ಅಂತ, ಬಾಡನ್ನ "ಅಶುದ್ಧ" ಅಂತ ಭಾಗ ಮಾಡಿದವರಿಗೆ ತರಕಾರಿಯನ್ನ ಪೂರ್ತಿ ಬಿಟ್ಟುಕೊಡೋಕೆ ನಾನು ತಯಾರಿಲ್ಲ. ನೆಲದಿಂದ ಎದ್ದದ್ದೆಲ್ಲ ಮೊದಲು ಮುಟ್ಟಿದ್ದು ನಮ್ಮ ಕೈ. ಗಣಿಕೆ ಸೊಪ್ಪೂ ನಮ್ಮದೇ, ಒಣಮೀನೂ ನಮ್ಮದೇ. ಪುಂಡಿ ಸೊಪ್ಪಿಗೆ ಬಾಡು ಹಾಕಿ ಮಾಡಿ ನೋಡಿ, ಆಮೇಲೆ ಮಾತಾಡಿ.

ಎರಡು ಎಚ್ಚರಿಕೆಯನ್ನೂ ಸೇರಿಸ್ತೀನಿ, ಇಲ್ಲಾಂದ್ರೆ ಈ ಮಾತು ದಾರಿ ತಪ್ಪುತ್ತೆ.

ಒಂದು, ಹಿತ್ತಲು ಹೊಲದ ಬದಲಿ ಅಲ್ಲ. ಬಾಬಾಸಾಹೇಬರು 1947ರ "ಸ್ಟೇಟ್ಸ್ ಅಂಡ್ ಮೈನಾರಿಟೀಸ್"ನಲ್ಲಿ ಕೇಳಿದ್ದು ಕೃಷಿ ಭೂಮಿಯ ರಾಷ್ಟ್ರೀಕರಣ. ಪಿಟಿಸಿಎಲ್ ಕಾಯ್ದೆ 1978ರಲ್ಲಿ ಬಂತು, ಕೋರ್ಟುಗಳಲ್ಲಿ ಕಾಲಮಿತಿಯ ನೆಪದಲ್ಲಿ ಸೊರಗಿತು, ಹೋರಾಟದ ಮೇಲೆ 2023ರಲ್ಲಿ ತಿದ್ದುಪಡಿ ಆಯ್ತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು ಹಾಕಿ ದುಡ್ಡಿದ್ದವರು ಯಾರು ಬೇಕಾದ್ರೂ ಕೃಷಿ ಜಮೀನು ಕೊಳ್ಳೋ ಹಾಗೆ ಮಾಡಿದರು. ಈ ದೊಡ್ಡ ಜಗಳಗಳು ಹಾಗೇ ಇರಬೇಕು. "ಕೈತೋಟ ಕೊಟ್ಟಿದ್ದೀವಲ್ಲ, ಇನ್ನೇನು" ಅಂತ ಯಾರಾದ್ರೂ ಭೂಮಿಯ ಅರ್ಜಿ ಬದಿಗಿಟ್ಟರೆ ಕೈತೋಟವನ್ನ ಅವರ ಮುಖಕ್ಕೇ ವಾಪಸ್ ಎಸೀಬೇಕು.

ಎರಡು, ಹಿತ್ತಲು ಹೆಂಗಸರ ಬೆನ್ನಿಗೆ ಇನ್ನೊಂದು ಹೊರೆ ಆಗಬಾರದು. ಕೂಲಿಗೆ ಹೋಗಿ ಬಂದು, ಮುದ್ದೆ ತಿರುವಿ, ಮಕ್ಕಳ ನೋಡ್ಕೊಂಡು ಆಮೇಲೆ ಬಳ್ಳಿಗೆ ನೀರು ಹಾಕೋದೂ ಅವಳೇ ಆದರೆ ಅದು ಯಾವ ವಿಮೋಚನೆ? ಸಭೆಯಲ್ಲಿ ಸಮಾನತೆ ಮಾತಾಡೋ ತಮ್ಮಂದಿರು ಬೆಳಗ್ಗೆ ನಾಲ್ಕು ಬಿಂದಿಗೆ ನೀರು ಹೊತ್ತು ಹಾಕಲಿ.

ಹಾಗಾದ್ರೆ ಏನು ಕೇಳಬೇಕು?

1. ಹೊಸದಾಗಿ ಹಂಚೋ ಪ್ರತಿ ಗ್ರಾಮೀಣ ನಿವೇಶನದ ಜೊತೆ ಹಿತ್ತಲಿನ ಜಾಗ. ನಾಲ್ಕು ಗುಂಟೆ ಅಂತ ಕೇಳೋಣ. ಹಕ್ಕುಪತ್ರ ಹೆಂಗಸರ ಹೆಸರಲ್ಲಿ ಇರಲಿ.

2. 94ಸಿ ಅಡಿ ಸರ್ಕಾರಿ ಜಾಗದಲ್ಲಿನ ಮನೆ ಸಕ್ರಮ ಮಾಡೋವಾಗ ಗೋಡೆಗೆ ಗೋಡೆ ಅಳೆದು ಕೈತೊಳ್ಕೊಳ್ಳೋದು ಬೇಡ. ಮನೆ ಹಿಂದಿನ ಬಳಕೆಯ ಜಾಗವನ್ನೂ ಸೇರಿಸಿ ಅಳೀರಿ.

3. ಜಾಗವೇ ಇಲ್ಲದ ಹಳೇ ಕಾಲೊನಿಗಳಿಗೆ ಹತ್ತಿರದ ಸರ್ಕಾರಿ ಜಮೀನಲ್ಲಿ ಸಮುದಾಯದ ತರಕಾರಿ ತೋಟ, ಅದಕ್ಕೆ ನೀರು. ದುಡ್ಡೆಲ್ಲಿಂದ ಅಂತ ಕೇಳಬೇಡಿ. ನಮ್ಮ ಜನಸಂಖ್ಯೆಗೆ ತಕ್ಕ ಶೇ 24.1 ಹಣ ನಮಗೇ ಖರ್ಚಾಗಬೇಕು ಅಂತ 2013ರಲ್ಲಿ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಮಾಡಿದ್ದೀರಿ. ಆ ಹಣ ಬೇರೆ ಬೇರೆ ಬಾಬ್ತಿಗೆ ಹರಿದು ಹೋಗೋದನ್ನ ನಿಲ್ಲಿಸಿ, ಒಂದು ಪಾಲು ಇಲ್ಲಿಗೆ ಹಾಕಿ.

4. ಬೀಜ. ತೋಟಗಾರಿಕೆ ಇಲಾಖೆ ಹಂಚೋ ಪೊಟ್ಟಣದಲ್ಲಿ ನಾವೇ ಬೀಜ ಮಾಡ್ಕೊಳ್ಳಬಹುದಾದ ತಳಿಗಳು ಇರಲಿ. ಅಣ್ಣೆ, ಹೊನಗೊನೆ, ಗೋಣಿಯೂ ಅದರಲ್ಲಿ ಇರಲಿ, ರೆಕ್ಕೆ ಅವರೆಯೂ ಇರಲಿ.

ಕೊರಟಗೆರೆಯೂ ಮೀಸಲು ಕ್ಷೇತ್ರ, ಪಾವಗಡವೂ ಮೀಸಲು ಕ್ಷೇತ್ರ. ಕೇಳೋಕೆ ನಮಗೆ ದೂರ ಹೋಗೋ ಅಗತ್ಯ ಇಲ್ಲ. ನಿಮ್ಮ ಪಂಚಾಯತಿಯ ಮುಂದಿನ ಗ್ರಾಮಸಭೆಯಲ್ಲಿ ನಿವೇಶನದ ಪಟ್ಟಿ ಓದುವಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: "ಈ ಮನೆಗಳಿಗೆ ಹಿತ್ತಲು ಎಷ್ಟು?" ನಗೋರು ನಗಲಿ. ಪ್ರಶ್ನೆಯನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿ ನೋಡಿ, ಆಮೇಲೆ ಸಹಿ ಹಾಕಿ.

ಜೈ ಭೀಮ್.